ಕಿಡ್ನಿಯಲ್ಲಿ ಕಳ್ಳು: 8 ತಿಂಗಳು ಬಳಸಿದ ಕನ್ನಡ ಕೀಬೋರ್ಡ್ ಬಗ್ಗೆ

ಆ ಕಥೆ ಮೊದಲು ಹೇಳಿ ಮುಗಿಸಿಬಿಡ್ತೀನಿ. ನಮ್ಮ ದೊಡ್ಡಪ್ಪನಿಗೆ ಹೊಟ್ಟೆನೋವು ಬಂದು ಸ್ಕ್ಯಾನ್ ಮಾಡಿಸಿದರು. ಮನೆಯವರ ವಾಟ್ಸಾಪ್ ಗ್ರೂಪಿಗೆ ವಿಷಯ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ‘ಕಿಡ್ನಿಯಲ್ಲಿ ಕಲ್ಲು ಸಿಕ್ಕಿದೆ, ನೀರು ಜಾಸ್ತಿ ಕುಡಿಯಲು ಹೇಳಿದ್ದಾರೆ’ ಅಂತ ಹೊಡೆದು ಕಳಿಸಿದೆ. ಹೋಗಿದ್ದು ‘ಕಿಡ್ನಿಯಲ್ಲಿ ಕಳ್ಳು ಸಿಕ್ಕಿದೆ’ ಅಂತ. ಎರಡು ನಿಮಿಷ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಅಕ್ಕನ ಮಗಳು, 19 ವರ್ಷದವಳು, ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು ಹಾಕಿದಳು: ‘ಚಿಕ್ಕಿ, ಅದಕ್ಕೆ ನೀರು ಬೆರೆಸಿ ಕುಡೀಬೇಕಂತಾ?’

ಆ ಕೀಬೋರ್ಡಿನ ವಿಮರ್ಶೆ ಇದು. ಆ್ಯಪ್ ಹೆಸರು ಹಾಕುತ್ತಿಲ್ಲ. ಫೋನಲ್ಲಿ ಕನ್ನಡ ಬರೆಯುವವರು ಯಾವುದೋ ಒಂದು ಕೀಬೋರ್ಡ್ ಜೊತೆ ಇದೇ ಸಂಸಾರ ಮಾಡಿರುತ್ತೀರಿ, ನಿಮ್ಮದನ್ನೇ ನೆನೆಸಿಕೊಂಡು ಓದಿ, ಸಾಕು.

ಕೆಲಸ ಹೀಗೆ. ಇಂಗ್ಲಿಷ್ ಅಕ್ಷರ ಒತ್ತುತ್ತಾ ಹೋಗಬೇಕು, ಅದು ಕನ್ನಡ ಲಿಪಿ ಮಾಡಿ ಕೊಡುತ್ತದೆ. ಜೊತೆಗೆ ಇಂಗ್ಲಿಷ್ ಪದವನ್ನೂ ಒಂದೇ ಸಾಲಿನಲ್ಲಿ ಸೇರಿಸಬಹುದು, ಭಾಷೆ ಬದಲಾಯಿಸುವ ಗುಂಡಿ ಒತ್ತಬೇಕಿಲ್ಲ ಅನ್ನುತ್ತದೆ ಅದರ ವಿವರಣೆ. ಬೆರೆಸಿ ಮಾತಾಡುವವರಿಗೆ ಅಂತಲೇ ಮಾಡಿದ್ದು ಅನ್ನುವ ಧಾಟಿ. ಆದರೆ ಇಂಗ್ಲಿಷಿನ ‘ಎಲ್’ ಒತ್ತಿದರೆ ನಾನು ಹೇಳಿದ್ದು ಲ ಇರಬಹುದು, ಳ ಇರಬಹುದು. ‘ಎ’ ಒತ್ತಿದರೆ ಅ ಇರಬಹುದು, ಆ ಇರಬಹುದು. ಬಲೆ, ಬಳೆ, ಬಾಲೆ, ಬಾಳೆ, ನಾಲ್ಕಕ್ಕೂ ಒತ್ತುವುದು ಅದೇ ನಾಲ್ಕು ಅಕ್ಷರ. ಮನೆಯೂ ಮಣೆಯೂ ಒಂದೇ. ಹಾಗಾಗಿ ಇದು ಊಹೆ ಮಾಡುತ್ತದೆ. ನೀವು ಹಿಂದೆ ಏನು ಬರೆದಿದ್ದಿರಿ, ಜನ ಸಾಮಾನ್ಯವಾಗಿ ಏನು ಬರೆಯುತ್ತಾರೆ ಅಂತ ಲೆಕ್ಕ ಹಾಕಿ ಒಂದನ್ನು ಮುಂದಿಡುತ್ತದೆ. ನನ್ನ ಫೋನಿನಲ್ಲಿ ಕಲ್ಲಿಗಿಂತ ಕಳ್ಳು ಯಾಕೆ ಮುಂದೆ ಬಂತು ಅಂತ ಮನೆಯಲ್ಲಿ ಇನ್ನೂ ಕೇಳುತ್ತಿದ್ದಾರೆ.

ಕಂಪ್ಯೂಟರಿನಲ್ಲಿ ನನಗೆ ಈ ತೊಂದರೆ ಇರಲಿಲ್ಲ. ಅಲ್ಲಿ ನಾನು ಕಲಿತದ್ದು ಕೆ.ಪಿ. ರಾವ್ ಅವರ ಕೀಲಿಮಣೆ, ‘ನುಡಿ’ ತಂತ್ರಾಂಶದಲ್ಲಿ ಇರುತ್ತದಲ್ಲ ಅದು. ಸಣ್ಣ ಎಲ್ ಒತ್ತಿದರೆ ಲ, ದೊಡ್ಡ ಎಲ್ ಒತ್ತಿದರೆ ಳ, ಒತ್ತಕ್ಷರ ಬೇಕಾದರೆ ನಡುವೆ ಎಫ್. ಅಷ್ಟೇ ಕಥೆ. 1998ರಲ್ಲಿ ಬಂದ ‘ಬರಹ’ ತಂತ್ರಾಂಶದಲ್ಲೂ ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸವೇ ಕೆಲಸ ಮಾಡುತ್ತಿತ್ತು. ಕಲಿಯಲು ವಾರ ಹಿಡಿಯಿತು, ಆಮೇಲೆ ಅದು ನನ್ನನ್ನು ಯಾವತ್ತೂ ಊಹಿಸಲಿಲ್ಲ. ಒತ್ತಿದ್ದು ಬರುತ್ತಿತ್ತು, ತಪ್ಪಾದರೆ ನನ್ನದೇ ತಪ್ಪು. ಈಗಿನದ್ದು ಕಲಿಯಲು ಒಂದು ನಿಮಿಷವೂ ಬೇಡ, ಆದರೆ ಕಳಿಸುವ ಮೊದಲು ಪ್ರತಿ ಸಲ ಕನ್ನಡಕ ಹಾಕಿಕೊಂಡು ನೋಡಬೇಕು.

ಇಷ್ಟು ಗೊಣಗಿಕೊಂಡೂ ಯಾಕೆ ಹಾಕಿಕೊಂಡೆ ಅಂದರೆ, ಅಕ್ಕನ ಮಗಳು ಆ ಹುಡುಗಿಗೋಸ್ಕರ. ನಾನು ಕನ್ನಡ ಲಿಪಿಯಲ್ಲಿ ಉದ್ದುದ್ದ ಬರೆಯುತ್ತಿದ್ದೆ. ಅವಳು ಇಂಗ್ಲಿಷ್ ಅಕ್ಷರದಲ್ಲಿ, ಅರ್ಧ ಕನ್ನಡ ಅರ್ಧ ಇಂಗ್ಲಿಷು ಬೆರೆಸಿ, ಮೂರು ಪದದ ಉತ್ತರ ಕೊಡುತ್ತಿದ್ದಳು. ಒಂದು ದಿನ ‘ಚಿಕ್ಕಿ ಇಷ್ಟುದ್ದ ಬರೀಬೇಡ, ವಾಯ್ಸ್ ಹಾಕು’ ಅಂದಳು. ನನಗೆ ಎದೆಗೆ ಚುಚ್ಚಿತು. ಈ ಪೀಳಿಗೆಗೆ ಕನ್ನಡ ಓದಲೂ ಬರುವುದಿಲ್ಲ, ಮುಗೀತು ಕಥೆ, ಅಂತ ನನ್ನ ವಯಸ್ಸಿನವರೆಲ್ಲ ಹೇಳುವ ಭಾಷಣವನ್ನು ಮನಸ್ಸಿನಲ್ಲೇ ಪೂರ್ತಿ ಮಾಡಿಕೊಂಡೆ.

ಕೇಳಿದಾಗ ಅವಳು ಹೇಳಿದ್ದು ಬೇರೆ. ಓದಲು ಬರುತ್ತದೆ, ಸ್ವಲ್ಪ ನಿಧಾನ. ಆದರೆ ಕನ್ನಡ ಲಿಪಿಯಲ್ಲಿ ಮೆಸೇಜ್ ಬಂದರೆ ‘ಯಾರೋ ನೋಟಿಸ್ ಕೊಟ್ಟ ಹಾಗೆ ಅನ್ಸುತ್ತೆ, ಏನೋ ತಪ್ಪು ಮಾಡಿದೀನಿ ಅನ್ಸುತ್ತೆ’. ನಾನು ಪ್ರೀತಿಯಿಂದ ಬರೆದದ್ದು ಅವಳ ಕಣ್ಣಿಗೆ ಆಫೀಸ್ ಪತ್ರದ ಹಾಗೆ ಬೀಳುತ್ತಿತ್ತು! ಅವಳ ಗೆಳತಿಯರ ನಡುವೆ ಇದು ಒಂದು ಪದ್ಧತಿಯೇ ಆಗಿದೆಯಂತೆ. ಸಲುಗೆಯ ಮಾತಿಗೆ ಇಂಗ್ಲಿಷ್ ಅಕ್ಷರ. ಕನ್ನಡ ಲಿಪಿ ಬಂದರೆ ಒಂದೋ ಹುಟ್ಟುಹಬ್ಬದ ಪೋಸ್ಟರ್, ಇಲ್ಲವೇ ಕೋಪ. ಅವಳು ಯಾವತ್ತಾದರೂ ಕನ್ನಡ ಅಕ್ಷರದಲ್ಲಿ ‘ಆಯ್ತು’ ಅಂತ ಬರೆದು ಕೊನೆಗೆ ಚುಕ್ಕಿ ಇಟ್ಟರೆ ಎದುರಿನವರು ಹೆದರಿಕೊಳ್ಳಬೇಕು. ಅದೇ ‘ಆಯ್ತು’ ಇಂಗ್ಲಿಷ್ ಅಕ್ಷರದಲ್ಲಿ, ಕೊನೆಗೆ ಎರಡು ಮೂರು ‘ಯು’ ಎಳೆದು ಬಂದರೆ ಎಲ್ಲ ಸರಿ ಇದೆ ಅಂತ ಅರ್ಥ. ಭಾಷೆ ಬದಲಿಸುವುದರಲ್ಲೇ ಅರ್ಥ ಇರುತ್ತದೆ ಅಂತ ಜಾನ್ ಗಂಪರ್ಜ್ ಥರದ ಭಾಷಾವಿಜ್ಞಾನಿಗಳು ದಶಕಗಳ ಹಿಂದೆಯೇ ಹೇಳಿದ್ದರು. ಅವರು ಹೇಳಿದ್ದು ಬಾಯಿಮಾತಿನ ಬಗ್ಗೆ. ಈ ಮಕ್ಕಳು ಅದನ್ನು ಲಿಪಿಗೂ ಹಚ್ಚಿದ್ದಾರೆ.

ಅಂದ ಹಾಗೆ ಇಂಗ್ಲಿಷ್ ಅಕ್ಷರದ ಈ ಚಾಳಿ ಅವರು ಶುರು ಮಾಡಿದ್ದಲ್ಲ. ಶುರು ಮಾಡಿದ್ದು ನಾವೇ. ಎಸ್ಸೆಮ್ಮೆಸ್ ಕಾಲ ನೆನಪಿದೆಯಾ? ಒಂದು ಸಂದೇಶಕ್ಕೆ ಇಂಗ್ಲಿಷ್ ಅಕ್ಷರವಾದರೆ 160 ಜಾಗ. ಕನ್ನಡದಂಥ ಲಿಪಿಯಾದರೆ ಅದೇ ಸಂದೇಶದಲ್ಲಿ 70 ಮಾತ್ರ, ಯಾಕೆಂದರೆ ಒಂದೊಂದು ಅಕ್ಷರಕ್ಕೆ ಎರಡು ಬೈಟ್ ಬೇಕು. ಅದರ ಮೇಲೆ ನಮ್ಮ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ. ‘ಕನ್ನಡದಲ್ಲಿ’ ಅನ್ನುವುದು ಕಣ್ಣಿಗೆ 5 ಅಕ್ಷರ. ಯಂತ್ರದ ಲೆಕ್ಕದಲ್ಲಿ 10. ನಡುವಿನ ಖಾಲಿ ಜಾಗ ಸೇರಿಸಿ ಅಂಥ ಪದ 6 ತುಂಬಿದರೆ ಸಂದೇಶ ಮುಗಿಯಿತು. ಇಂಗ್ಲಿಷ್ ಅಕ್ಷರದಲ್ಲಿ ಅದೇ ಪದ 12 ಸಲ ಹಿಡಿಸುತ್ತದೆ. ಕನ್ನಡ ಲಿಪಿಯಲ್ಲಿ ಕಳಿಸಿದ್ದು ಕಾಣುವುದೂ ಆ ಕಡೆಯವರ ಫೋನಿನಲ್ಲಿ ಕನ್ನಡ ಫಾಂಟ್ ಇದ್ದರೆ ಮಾತ್ರ. ಇಲ್ಲದಿದ್ದರೆ ಬರೀ ಡಬ್ಬಿ ಡಬ್ಬಿ. ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು ನಿಜ, ಆದರೆ ಆ ಜಾಗ ನಮ್ಮ ಕೈಯಲ್ಲಿದ್ದ ಫೋನಿಗೆ ಬಂದು ಮುಟ್ಟಲು ಎಷ್ಟೋ ವರ್ಷ ಹಿಡಿಯಿತು. ಅಲ್ಲಿಯವರೆಗೆ ನಾವು ಏನು ಮಾಡಿದೆವು? ‘ಎಲ್ಲಿದ್ದೀಯಾ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದೆವು, ಒಂದು ಗುಂಡಿಯನ್ನು ಮೂರು ಮೂರು ಸಲ. ಈಗ ನಾವು ಕನ್ನಡ ಲಿಪಿಗೆ ಮರಳಿ ದೊಡ್ಡವರಾಗಿಬಿಟ್ಟಿದ್ದೇವೆ. ಮಕ್ಕಳು ನಾವು ಬಿಟ್ಟುಹೋದ ಮನೆಯಲ್ಲೇ ಸಂಸಾರ ಹೂಡಿದ್ದಾರೆ, ಅಷ್ಟೇ ತಾನೆ?

ಇದು ಕನ್ನಡದವರ ಕಥೆ ಮಾತ್ರ ಅಲ್ಲ. ಅರಬ್ಬಿ ಮಾತಾಡುವ ಹುಡುಗರು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ತಮ್ಮ ಗಂಟಲಿನ ದನಿಗಳಿಗೆ ಅಂಕಿ ಬಳಸಿಕೊಂಡರು, ಒಂದು ದನಿಗೆ 3, ಇನ್ನೊಂದಕ್ಕೆ 7, ನೋಡಲು ಅವರ ಅಕ್ಷರದ ಹಾಗೇ ಕಾಣುತ್ತವೆ ಅಂತ. ಅದಕ್ಕೆ ಅರಬಿಜ಼ಿ ಅನ್ನುತ್ತಾರೆ. ಗ್ರೀಕರದ್ದು ಗ್ರೀಕ್ಲಿಷ್. ಲಿಪಿ ಬದಲಿಸದೆ ಭಾಷೆ ಮಾತ್ರ ಬೆರೆಸುವ ಸ್ಪ್ಯಾಂಗ್ಲಿಷ್ (ಸ್ಪ್ಯಾನಿಷ್ ಜೊತೆ ಇಂಗ್ಲಿಷ್), ಟ್ಯಾಗ್ಲಿಷ್ (ಫಿಲಿಪೀನ್ಸಿನ ಟ್ಯಾಗಲಾಗ್ ಜೊತೆ ಇಂಗ್ಲಿಷ್) ಬೇರೆ. ನಮ್ಮದು ಕಂಗ್ಲಿಷ್, ಎರಡೂ ರೋಗ ಒಟ್ಟಿಗೆ ಅಂತ ನಗುತ್ತಾ ಹೇಳುತ್ತೇವೆ. ನನಗೆ ಅಸೂಯೆ ಇರುವುದು ಆ ಅರಬ್ಬಿ ಅಂಕಿಗಳ ಬಗ್ಗೆ. ಳ ಅಕ್ಷರಕ್ಕೆ ನಾವೂ ಒಂದು ಅಂಕಿ ಇಟ್ಟುಕೊಂಡಿದ್ದರೆ ನಮ್ಮ ದೊಡ್ಡಪ್ಪನ ಮಾನ ಉಳಿಯುತ್ತಿತ್ತು.

ಸರಿ, ಕೀಬೋರ್ಡಿಗೆ ಬರೋಣ. ಅದರಲ್ಲಿ ನನಗೆ ಅತಿ ಇಷ್ಟವಾದ ಭಾಗ ಮೇಲಿನ ಸಲಹೆ ಪಟ್ಟಿ. ಬರೆಯುತ್ತಾ ಹೋದ ಹಾಗೆ ಮುಂದಿನ ಪದ ಇದಿರಬಹುದಾ ಅಂತ ಮೂರು ಪದ ತೋರಿಸುತ್ತದಲ್ಲ, ಅದು. ಒಂದು ಸಂಜೆ ನಾವಿಬ್ಬರೂ ಫೋನ್ ಅದಲುಬದಲು ಮಾಡಿಕೊಂಡು ಏನೂ ಬರೆಯದೆ ಬರೀ ಆ ಪಟ್ಟಿಯನ್ನೇ ಒತ್ತುತ್ತಾ ಹೋದೆವು. ನನ್ನ ಫೋನ್ ‘ನಮಸ್ಕಾರ ದಯವಿಟ್ಟು ನಾಳೆ ಫೋನ್ ಮಾಡಿ ಆರೋಗ್ಯ ನೋಡಿಕೊಳ್ಳಿ ಆಯ್ತು’ ಅಂತ ಹೊರಟಿತು. ಅವಳದ್ದು ‘ಗುರು ಲಿಟ್ರಲಿ ಯಾಕೋ ಸಖತ್ ಬೋರ್ ಬಾರೇ ಪ್ಲೀಸ್ ಅಮ್ಮ ಬೈತಾಳೆ’. ನನ್ನದು ಯಾವ ಮಧ್ಯವಯಸ್ಕ ಹೆಂಗಸಿನ ಫೋನಾದರೂ ಆಗಬಹುದಿತ್ತು. ಅವಳದ್ದು ಅವಳೇ. ಒಂಬತ್ತು ಪದದಲ್ಲಿ ಸ್ನೇಹಿತೆ, ಬೇಸರ, ಅಮ್ಮ ಮೂರೂ ಇದ್ದಾರೆ. ಕೀಬೋರ್ಡ್ ಈ ವಿಷಯದಲ್ಲಿ ಪಕ್ಷಪಾತ ಮಾಡುವುದಿಲ್ಲ. ಶುದ್ಧವೋ ಬೆರಕೆಯೋ, ನೀವು ಕೊಟ್ಟದ್ದನ್ನು ನಿಮಗೇ ವಾಪಸ್ ಕೊಡುತ್ತದೆ. ಇದಕ್ಕೊಂದು ಸ್ಟಾರ್ ಪೂರ್ತಿ.

ಆದರೆ ಬೆರಕೆಯ ವ್ಯಾಕರಣ ಅದಕ್ಕೆ ತಿಳಿಯುವುದಿಲ್ಲ. ಇಲ್ಲಿ ಸ್ವಲ್ಪ ನಿಲ್ಲಬೇಕು, ನನಗೇ ಇದು ಆ ಹುಡುಗಿಯಿಂದ ಗೊತ್ತಾದದ್ದು. ಫೋನಿನಲ್ಲಿ ಜಾಗ ಖಾಲಿ ಮಾಡಿಕೊಡು ಅಂತ ಅವಳ ಕೈಗೆ ಕೊಟ್ಟಿದ್ದೆ. ಅರ್ಧ ಗಂಟೆ ಕಳೆದು ಬಂದು ‘ಚಿಕ್ಕಿ, ಹಳೇ ಫೋಟೋಸ್ ಸ್ವಲ್ಪ ಡಿಲೀಟ್ ಆಗ್ಬಿಡ್ತು’ ಅಂದಳು. ಗಮನಿಸಿ, ಆಗ್ಬಿಡ್ತು. ತಾನೇ ಬೆರಳಿಟ್ಟು ಅಳಿಸಿದ್ದಾಳೆ. ‘ಡಿಲೀಟ್ ಮಾಡ್ದೆ’ ಅಂದಿದ್ದರೆ ತಪ್ಪು ಅವಳದು. ‘ಡಿಲೀಟ್ ಆಯ್ತು’ ಅಂದರೆ ಯಾರದೂ ಅಲ್ಲ. ‘ಆಗ್ಬಿಡ್ತು’ ಅಂದರೆ ಯಾರದೂ ಅಲ್ಲ, ಜೊತೆಗೆ ಪಾಪ ನನಗೂ ಬೇಜಾರಾಗಿದೆ ನೋಡು ಅಂತ. ‘ಮಾಡ್ಬಿಟ್ಟೆ’ ಅಂದರೆ ಒಪ್ಪಿಕೊಂಡೆ, ಬೈಯಬೇಡ. ‘ಮಾಡಿಸ್ದೆ’ ಅಂದರೆ ಬೇರೆಯವರ ಕೈಯಲ್ಲಿ. ‘ಮಾಡ್ಕೊಂಡೆ’ ಅಂದರೆ ತಾನಾಗಿ ತಂದುಕೊಂಡ ನಷ್ಟ. ಇಂಗ್ಲಿಷಿನಿಂದ ಬಂದದ್ದು ಒಂದೇ ಒಂದು ಪದ, ಅದು ಸುಮ್ನೆ ಮುಂದೆ ಗೊಂಬೆ ಥರ ಕೂತಿದೆ. ತಪ್ಪಿಸಿಕೊಳ್ಳುವ ಅಷ್ಟೂ ಚಾಲಾಕಿತನ ನಡೆದಿರುವುದು ಅಪ್ಪಟ ಕನ್ನಡದಲ್ಲಿ. ಇವಳಿಗೆ ಕನ್ನಡ ಬರುವುದಿಲ್ಲ ಅಂತ ನಾನು ಮರುಗಿದ್ದೆನಲ್ಲ!

ಈಗ ಕೀಬೋರ್ಡಿನಲ್ಲಿ ‘ಡಿಲೀಟ್’ ಅಂತ ಬರೆದು ಪಟ್ಟಿ ನೋಡಿ. ‘ಮಾಡಿ’ ಅಂತ ಮುಂದೆ ಬರುತ್ತದೆ. ಟ್ಯಾಗ್ ಅಂದರೆ ‘ಮಾಡಿ’. ಶೇರ್ ಅಂದರೆ ‘ಮಾಡಿ’. ಬೆರೆತ ಕನ್ನಡವನ್ನು ಅದು ಕಲಿತದ್ದು ಆ್ಯಪ್‌ಗಳ ಸೂಚನೆಗಳಿಂದಲೇ ಇರಬೇಕು ಅಂತ ನನ್ನ ಗುಮಾನಿ. ಮಾಡಿ, ಒತ್ತಿ, ಆಯ್ಕೆಮಾಡಿ, ಬರೀ ಆಜ್ಞೆ. ‘ಆಗ್ಬಿಡ್ತು’ ಅಂತ ಅದು ತಾನಾಗಿ ಯಾವತ್ತೂ ಹೇಳಿಲ್ಲ. ‘ಫ್ರೆಂಡ್ಸ್‌ಗಳು’ ಅಂತ ಬರೆದರೆ ಕೆಳಗೆ ಕೆಂಪು ಗೆರೆ ಎಳೆಯುತ್ತದೆ. ಎರಡೆರಡು ಬಹುವಚನ, ತಪ್ಪೇ ಇರಬಹುದು. ಆದರೆ ಆ ‘ಎಸ್’ ನಮಗೆ ಬಹುವಚನ ಅಂತ ಅನ್ನಿಸುವುದೇ ನಿಂತುಹೋಗಿದೆ, ಅದಕ್ಕೇ ‘ಗಳು’ ಹಾಕುತ್ತೇವೆ. ಇನ್ನೊಂದು ಭಾಷೆಯ ಪದ ಪೂರ್ತಿ ನಮ್ಮದಾಯಿತು ಅನ್ನುವುದಕ್ಕೆ ಇದಕ್ಕಿಂತ ಗುರುತು ಬೇಕಾ?

ಶಾನಾ ಪಾಪ್ಲಾಕ್ ಎಂಬ ಭಾಷಾವಿಜ್ಞಾನಿ 1980ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ನ್ಯೂಯಾರ್ಕಿನಲ್ಲಿ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಬೆರೆಸಿ ಮಾತಾಡುವ ಪೋರ್ಟೊರಿಕೊ ಮೂಲದವರ ಮಾತನ್ನು ಅವರು ಗಮನಿಸಿದರು. ಎರಡೂ ಭಾಷೆ ಚೆನ್ನಾಗಿ ಬಲ್ಲವರೇ ವಾಕ್ಯದ ಹೊಟ್ಟೆಯೊಳಗೆ ಭಾಷೆ ಬದಲಿಸುತ್ತಿದ್ದರು, ಒಂದರಲ್ಲಿ ತಡವರಿಸುವವರು ಕೊನೆಗೊಂದು ‘ಯು ನೋ’ ಥರದ ತುಣುಕು ಅಂಟಿಸಿ ಸುಮ್ಮನಾಗುತ್ತಿದ್ದರು. ಬರದೇ ಇರುವವರು ಬೆರೆಸುತ್ತಾರೆ ಅಂತ ನಾವು ಅಂದುಕೊಂಡಿದ್ದಕ್ಕೆ ತಿರುಗಾಮುರುಗಾ. ಇದನ್ನು ಓದಿದ ಮೇಲೆ ನನ್ನ ಅಕ್ಕನಿಗೆ ಹೇಳಿದೆ. ‘ಹಾಗಾದ್ರೆ ಕನ್ನಡ ಪೇಪರಲ್ಲಿ ಯಾಕೆ ಮಾರ್ಕ್ಸ್ ಬರಲ್ಲ’ ಅಂದಳು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಈಗ ಈ ಆ್ಯಪ್ ಮೇಲೆ ನನ್ನ ದೊಡ್ಡ ದೂರು. ‘ಫೋನ್‌ನಲ್ಲಿ’ ಅಂತ ಬರೆಯಬೇಕು. ಇದು ‘ಫೋನ್ನಲ್ಲಿ’ ಮಾಡುತ್ತದೆ. ‘ಸ್ಕ್ರೀನ್‌ಶಾಟ್’ ಅಂದರೆ ನ್ ಕೆಳಗೆ ಶಾ ಹೋಗಿ ನೇತುಬೀಳುತ್ತದೆ, ‘ಸ್ಕ್ರೀನ್ಶಾಟ್’ ಅಂತ. ಕನ್ನಡದಲ್ಲಿ ಅರ್ಧಾಕ್ಷರದ ಮುಂದೆ ಇನ್ನೊಂದು ಅಕ್ಷರ ಬಂದರೆ ಅದು ಒತ್ತಕ್ಷರ ಆಗಲೇಬೇಕು, ಅದು ಲಿಪಿಯ ಸ್ವಭಾವ. ಆಗಬೇಡ ಅಂತ ತಡೆಯಲು ಯೂನಿಕೋಡ್‌ನಲ್ಲಿ ಒಂದು ಕಾಣದ ಅಕ್ಷರ ಇದೆ. ಅಗಲ ಸೊನ್ನೆ. ಎರಡರ ನಡುವೆ ನಿಂತು ‘ಇವರನ್ನು ಕೂಡಿಸಬೇಡಿ’ ಅನ್ನುವುದಷ್ಟೇ ಅದರ ಕೆಲಸ. ಇಂಗ್ಲಿಷಿನವರು ಅದನ್ನು ಜ಼ೀರೋ ವಿಡ್ತ್ ನಾನ್ ಜಾಯ್ನರ್ ಅನ್ನುತ್ತಾರೆ. ಸ್ವರದಲ್ಲಿ ಮುಗಿಯುವ ನಮ್ಮ ಹಳೆಯ ಪದಗಳಿಗೆ ಇದು ಬೇಕಾಗುವುದೇ ಅಪರೂಪ. ಬೇಕಾಗುವುದು ವ್ಯಂಜನದಲ್ಲಿ ಮುಗಿಯುವ ಬೇರೆ ಭಾಷೆಯ ಪದಕ್ಕೆ ನಮ್ಮ ವಿಭಕ್ತಿ ಹಚ್ಚುವಾಗ. ಅಂದರೆ ಬೆರಕೆ ಕನ್ನಡದ ಹೊಲಿಗೆ ಇರುವುದೇ ಅಲ್ಲಿ, ಆ ಕಾಣದ ಅಕ್ಷರದಲ್ಲಿ. ಬೆರೆಸುವವರಿಗೆ ಅಂತಲೇ ಮಾಡಿದ ಈ ಕೀಬೋರ್ಡ್ ಅದನ್ನು ಎಲ್ಲಿ ಇಟ್ಟಿದೆ ಗೊತ್ತಾ? ಚಿಹ್ನೆಗಳ ಎರಡನೇ ಪುಟಕ್ಕೆ ಹೋಗಿ, ಒಂದು ಗುಂಡಿಯನ್ನು ಒತ್ತಿ ಹಿಡಿದು, ಮೇಲೇಳುವ ಸಾಲಿನಲ್ಲಿ ಬೆರಳು ಜಾರಿಸಿದರೆ ಬರುತ್ತದೆ. ಅದೂ ಕಾಣುವುದಿಲ್ಲವಾದ್ದರಿಂದ ಬಂತೋ ಇಲ್ಲವೋ ತಿಳಿಯುವುದಿಲ್ಲ. ನಾನು ಕಂಡುಹಿಡಿದದ್ದು ನಾಲ್ಕನೇ ತಿಂಗಳಲ್ಲಿ. ಅಲ್ಲಿಯವರೆಗೆ ‘ಫೋನಿನಲ್ಲಿ’ ಅಂತಲೇ ಬರೆದು ತಪ್ಪಿಸಿಕೊಂಡೆ. ಅದೇ ಒಳ್ಳೆಯ ಕನ್ನಡ ಅಂತ ಕೆಲವರು ಹೇಳಬಹುದು. ಇರಬಹುದು, ಆದರೆ ‘ಸ್ಕ್ರೀನಿನಶಾಟ್’ ಅನ್ನಲು ಆಗುವುದಿಲ್ಲವಲ್ಲ.

ಅವಳಿಗೆ ಇದನ್ನು ವಿವರಿಸಿದಾಗ ಅವಳ ಉತ್ತರ: ‘ಇದಕ್ಕೇ ಚಿಕ್ಕಿ ನಾವು ಇಂಗ್ಲಿಷಲ್ಲಿ ಟೈಪ್ ಮಾಡೋದು.’

ಎರಡನೇ ದೂರು ತಿದ್ದುವ ಚಟ. ‘ಮಾಡ್ತೀನಿ’ ಅಂದರೆ ‘ಮಾಡುತ್ತೇನೆ’ ಮಾಡುತ್ತದೆ. ‘ಬರ್ತಾಳೆ’ಗೆ ‘ಬರುತ್ತಾಳೆ’. ನಮ್ಮಲ್ಲಿ ಮಾಡ್ತೀನಿ ಅನ್ನುವವರಿದ್ದಾರೆ, ಮಾಡ್ತೆ ಅನ್ನುವವರಿದ್ದಾರೆ, ಮಾಡ್ತೇನ್ರಿ, ಮಾಡಾಕತ್ತೀನಿ ಅನ್ನುವವರಿದ್ದಾರೆ. ಬಾಯಿ ತೆರೆದರೆ ಯಾವ ಕಡೆಯವರು ಅಂತ ತಿಳಿಯುತ್ತದೆ. ಈ ಕೀಬೋರ್ಡ್ ಎಲ್ಲರಿಗೂ ಒಂದೇ ಇಸ್ತ್ರಿ ಹೊಡೆಯುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಹುಡುಗರ ಕನ್ನಡ ನೋಡಿ, ಅವರವರ ಮನೆಮಾತು ಇದ್ದ ಹಾಗೇ ಇರುತ್ತದೆ, ಅಜ್ಜಿ ಮಾತು ಸಮೇತ, ಯಾಕೆಂದರೆ ಅಲ್ಲಿ ತಿದ್ದುವ ಮೇಷ್ಟ್ರು ಇಲ್ಲ. ಇದು ನಾನು ನಿರೀಕ್ಷಿಸಿರಲೇ ಇಲ್ಲ. ಲಿಪಿ ಬಿಟ್ಟವರ ಬರಹದಲ್ಲಿ ಆಡುಮಾತು ಉಳಿದಿದೆ, ಲಿಪಿ ಕೊಡುವ ಆ್ಯಪ್ ಅದನ್ನು ಅಳಿಸುತ್ತಿದೆ. ಹಾಗಂತ ಅವರಿಗೂ ಸುಖ ಇಲ್ಲ, ಇಂಗ್ಲಿಷ್ ತಿದ್ದುಪಡಿ ಆನ್ ಆಗಿದ್ದರೆ ‘ಬೇಡ’ ಅನ್ನುವುದು ‘ಬೆಡ್’ ಆಗುತ್ತದೆ, ‘ಬೇಗ ಬಾ’ ಅನ್ನುವುದು ‘ಬ್ಯಾಗ್ ಬಾ’ ಆಗುತ್ತದೆ. ಅವಳ ಗೆಳತಿಯರ ಗುಂಪಿನಲ್ಲಿ ಈಗ ಬೇಕಂತಲೇ ‘ಬ್ಯಾಗ್ ಬಾ’ ಅನ್ನುತ್ತಾರಂತೆ. ಯಂತ್ರದ ತಪ್ಪನ್ನೂ ಬೆರೆಸಿಕೊಂಡುಬಿಟ್ಟರು.

ಬೆರೆಸಬೇಡಿ ಅನ್ನುವ ಗೊಣಗಾಟ ಹೊಸದಲ್ಲ. 12ನೇ ಶತಮಾನದಲ್ಲಿ ಕವಿ ನಯಸೇನ, ಸಂಸ್ಕೃತವನ್ನು ಕನ್ನಡದಲ್ಲಿ ತುರುಕುವ ಕವಿಗಳನ್ನು ಕಂಡು, ತುಪ್ಪವನ್ನೂ ಎಣ್ಣೆಯನ್ನೂ ಬೆರೆಸುವುದು ಸರಿಯಾ ಅಂತ ಕೇಳಿದ. ಕೇಳುವಾಗ ತುಪ್ಪ, ಎಣ್ಣೆ ಎರಡಕ್ಕೂ ಸಂಸ್ಕೃತ ಪದಗಳನ್ನೇ ಬಳಸಿದ, ಘೃತ, ತೈಲ ಅಂತ. ಚುಚ್ಚಲಿಕ್ಕೆ ಬೇಕಂತಲೇ ಮಾಡಿದ್ದು ಅಂತ ನನಗನ್ನಿಸುತ್ತದೆ. ಈಗ ಆ ಕಾಲದ ಬೆರಕೆಯನ್ನೇ ನಾವು ಶುದ್ಧ ಕನ್ನಡ ಅಂತ ಹೇಳಿ ಮಕ್ಕಳಿಗೆ ಪಾಠ ಮಾಡುತ್ತಿದ್ದೇವೆ, ಅಲ್ವಾ?

ಇಷ್ಟೆಲ್ಲ ಹೇಳಿ ಎಲ್ಲ ಚೆನ್ನಾಗಿದೆ ಅಂತ ಮುಗಿಸಲು ಮನಸ್ಸು ಒಪ್ಪುವುದಿಲ್ಲ. ನಮ್ಮ ಅಮ್ಮ ಬರೆದಿಟ್ಟ ಒಂದು ಹಳೇ ನೋಟ್‌ಬುಕ್ ಇದೆ. ಕೈಬರಹ. ಅದನ್ನು ಓದು ಅಂತ ಅಕ್ಕನ ಮಗಳಿಗೆ ಕೊಟ್ಟೆ. ಒಂದೊಂದು ಒತ್ತಕ್ಷರಕ್ಕೂ ನಿಂತು ನಿಂತು, ಮೂರನೇ ಸಾಲಿಗೆ ‘ಫೋಟೋ ತೆಗೆದು ಆ್ಯಪಿಗೆ ಹಾಕ್ಲಾ’ ಅಂದಳು. ಪೆನ್ನು ಕೊಟ್ಟು ‘ಜ್ಞ’ ಬರಿ ಅಂದರೆ ಬರಲಿಲ್ಲ. ಕೀಬೋರ್ಡಿನಲ್ಲಿ ಬರುತ್ತದೆ, ಅದು ಬರೆದುಕೊಡುತ್ತದೆ. ಅವಳ ಕೈಗೆ ಗೊತ್ತಿಲ್ಲದ ಅಕ್ಷರ ಅವಳ ಫೋನಿಗೆ ಗೊತ್ತಿದೆ. ಇದನ್ನು ಆ್ಯಪಿನ ಗುಣ ಅನ್ನಲೋ ದೋಷ ಅನ್ನಲೋ ನನಗೆ ತೀರ್ಮಾನ ಆಗಿಲ್ಲ.

ಇನ್ನೊಂದು ಇದೆ, ಅದು ನನ್ನನ್ನು ಹೆಚ್ಚು ಕಾಡಿದ್ದು. ತಮಾಷೆ, ಜಗಳ, ಹರಟೆ ಎಲ್ಲದರಲ್ಲೂ ಅವಳ ಕನ್ನಡ ಚುರುಕು. ಸಂಕಟ ಬಂದಾಗ ಮಾತ್ರ ಪೂರ್ತಿ ಇಂಗ್ಲಿಷಿಗೆ ಹೋಗುತ್ತಾಳೆ. ಒಂದು ಪರೀಕ್ಷೆ ಕೈಕೊಟ್ಟ ದಿನ ನನಗೆ ಬಂದ ಮೆಸೇಜಿನಲ್ಲಿ ‘ಚಿಕ್ಕಿ’ ಒಂದು ಬಿಟ್ಟು ಬೇರೆ ಕನ್ನಡ ಇರಲಿಲ್ಲ. ಆಂಗ್ಸೈಟಿ, ಓವರ್‌ಥಿಂಕಿಂಗ್, ಏನೇನೋ. ನಮಗೆ ತಳಮಳ ಅಂತ ಇದೆ, ಕಸಿವಿಸಿ, ದಿಗಿಲು, ಪುಕಪುಕ, ಮನಸ್ಸು ಮುದುಡುವುದು, ಎದೆ ಭಾರ, ಎಷ್ಟು ಇವೆ. ಅವಳು ಕೇಳಿಯೇ ಇಲ್ಲ ಅಂತಲ್ಲ, ಅವು ಬೇರೆ ಯಾರದೋ ಪದಗಳು ಅನ್ನಿಸುತ್ತದಂತೆ. ಆಗ ನಾನು ಕೀಬೋರ್ಡಿನಲ್ಲಿ ‘ತಳಮಳ’ ಬರೆಯಲು ಹೋದೆ. ‘ತಲೆ’ ಕೊಟ್ಟಿತು, ‘ತಾಳ್ಮೆ’ ಕೊಟ್ಟಿತು, ‘ತಲಮಲ’ ಕೊಟ್ಟಿತು. ತಳಮಳ ಅದಕ್ಕೂ ಗೊತ್ತಿರಲಿಲ್ಲ! ಅಕ್ಷರ ಅಕ್ಷರ ಹೆಕ್ಕಿ ಬರೆದು ಕಳಿಸಿದೆ. ಎರಡು ವಾರದ ನಂತರ ಅವಳ ಸ್ಟೇಟಸ್‌ನಲ್ಲಿ, ಫಲಿತಾಂಶದ ಹಿಂದಿನ ರಾತ್ರಿ, ಇಂಗ್ಲಿಷ್ ಅಕ್ಷರದಲ್ಲಿ ‘ಫುಲ್ ತಳಮಳ ಗುರು’ ಅಂತ ಇತ್ತು. ಅದನ್ನು ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಂಡಿದ್ದೇನೆ.

ಉಳಿದದ್ದು ಬೇಗ ಹೇಳ್ತೀನಿ. ದನಿಯಲ್ಲಿ ಹೇಳಿ ಬರೆಸುವುದು ಇದೆ, ಬರೀ ಕನ್ನಡಕ್ಕೆ ಚೆನ್ನಾಗಿದೆ, ನಡುವೆ ಇಂಗ್ಲಿಷ್ ಬಂದರೆ ಒಮ್ಮೆ ಕನ್ನಡ ಲಿಪಿ ಒಮ್ಮೆ ಇಂಗ್ಲಿಷ್ ಲಿಪಿ, ಅದರ ಮೂಡಿನ ಮೇಲೆ. ಎಮೋಜಿ ಸಲಹೆ ಅತಿ. ನೆಟ್ ಇಲ್ಲದಿದ್ದಾಗ ಊಹೆ ಇನ್ನೂ ಕೆಟ್ಟದು. ಬ್ಯಾಟರಿ ವಿಷಯದಲ್ಲಿ ತೊಂದರೆ ಕಂಡಿಲ್ಲ.

ಯಂತ್ರಕ್ಕೆ ಬೆರಕೆ ತಿಳಿಯದಿದ್ದರೆ ನಮಗೇನು ನಷ್ಟ ಅಂತ ಕೇಳಬಹುದು. ಬರೀ ಕಲ್ಲು ಕಳ್ಳು ಆದರೆ ನಗಬಹುದು. ಆದರೆ ಹುಡುಗಿಯರ ಫೋಟೋ ಕೆಳಗೆ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಬರುವ ಹೊಲಸು ಬೈಗುಳ, ಒಂದೊಂದು ಸಲ ಒಂದೊಂದು ಸ್ಪೆಲಿಂಗು, ರಿಪೋರ್ಟ್ ಮಾಡಿದರೂ ‘ನಿಯಮ ಮೀರಿಲ್ಲ’ ಅಂತ ಉತ್ತರ ಬಂದದ್ದನ್ನು ಅವಳೇ ತೋರಿಸಿದ್ದಾಳೆ. ಇಂಥದ್ದನ್ನು ಯಂತ್ರಕ್ಕೆ ಕಲಿಸಲು 2020ರಲ್ಲಿ ಸಂಶೋಧಕರು ಕನ್ನಡ ಇಂಗ್ಲಿಷ್ ಬೆರೆತ ಯೂಟ್ಯೂಬ್ ಕಾಮೆಂಟುಗಳನ್ನು, 7,600ಕ್ಕೂ ಹೆಚ್ಚು, ಗುರುತು ಹಾಕಿ ಒಂದು ಸಂಗ್ರಹ ಮಾಡಿದರು. ಒಳ್ಳೆಯ ಕೆಲಸ. ಆದರೆ ಒಂದು ಜನಪ್ರಿಯ ವಿಡಿಯೋದ ಕೆಳಗೆ ಒಂದು ದಿನದಲ್ಲಿ ಅಷ್ಟು ಕಾಮೆಂಟ್ ಬೀಳಬಹುದು ಅನ್ನುವುದನ್ನು ನೆನೆಸಿಕೊಂಡರೆ ಇನ್ನೂ ಎಷ್ಟು ದೂರ ಹೋಗಬೇಕು ಅಂತ ತಿಳಿಯುತ್ತದೆ.

ಹಾಕಿಕೊಳ್ಳುವವರಿಗೆ ನನ್ನ ಸಲಹೆ: ಮೊದಲು ತಾನಾಗಿ ತಿದ್ದುವುದನ್ನು ಆಫ್ ಮಾಡಿ, ಸಲಹೆ ಪಟ್ಟಿ ಮಾತ್ರ ಇರಲಿ. ನಿಮ್ಮ ಮನೆಮಾತಿನ ಹತ್ತು ಹದಿನೈದು ಕ್ರಿಯಾಪದಗಳನ್ನು, ನೀವು ಆಡುವ ಹಾಗೇ, ಸ್ವಂತ ನಿಘಂಟಿಗೆ ಕೈಯಾರೆ ಸೇರಿಸಿ. ನನ್ನದರಲ್ಲಿ ಈಗ ‘ಆಗ್ಬಿಡ್ತು’ ಇದೆ, ‘ತಳಮಳ’ ಇದೆ. ‘ಕಳ್ಳು’ ತೆಗೆಯಲು ಆ ಪದವನ್ನು ಒತ್ತಿ ಹಿಡಿದು ಕಸದ ಬುಟ್ಟಿಗೆ ಎಳೆಯಬೇಕು. ನಾನು ಎಳೆದಿದ್ದೆ, ಆ ಹುಡುಗಿ ನನ್ನ ಫೋನ್ ತೆಗೆದುಕೊಂಡು ಮತ್ತೆ ಸೇರಿಸಿದ್ದಾಳೆ.

ಐದಕ್ಕೆ ಮೂರು ಸ್ಟಾರ್. ಆ ಕಾಣದ ಅಕ್ಷರವನ್ನು ಸ್ಪೇಸ್ ಗುಂಡಿಯ ಪಕ್ಕಕ್ಕೆ ತಂದರೆ ನಾಲ್ಕು ಮಾಡ್ತೀನಿ.